ಪೇಜ್ ಕ್ಯಾಶ್ ತಪ್ಪಿಸಿದ ದಾರಿ: ಕರ್ನಲ್‌ನಲ್ಲಿ ರಾ ಐಓ ಬೆಳೆದು ಬಂದ ಬಗೆ

2021ರಲ್ಲಿ ಲಿನಕ್ಸ್ 5.14 ಬಂದಾಗ ಅದರಲ್ಲಿ ‘ರಾ’ ಡ್ರೈವರ್ ಇರಲಿಲ್ಲ. ಅಲ್ಲಿಂದೀಚೆಗೆ ರಾ ಐಓ ಎಂದರೆ ಡೇಟಾಬೇಸ್ ಕಂಪನಿಗಳ ಒತ್ತಾಯಕ್ಕೆ ಹುಟ್ಟಿ ಕಾಲ ಮುಗಿಸಿಕೊಂಡ ಅಡ್ಡದಾರಿ ಎಂಬ ಮಾತು ಹರಡಿದೆ. ಇದು ತಪ್ಪು ತಿಳಿವಳಿಕೆ. ಇವತ್ತು ಲಿನಕ್ಸ್ ಡಿಸ್ಕಿನೊಂದಿಗೆ ವ್ಯವಹರಿಸುವ ರೀತಿಗೆ ರೂಪ ಕೊಟ್ಟದ್ದರಲ್ಲಿ ಆ ‘ಅಡ್ಡದಾರಿ’ಯ ಬೇಡಿಕೆಗಳ ಪಾಲು ದೊಡ್ಡದು. ಬೆಂಗಳೂರಿನಲ್ಲಿ ಕೂತು ಆ ಕೆಲಸ ಮಾಡಿದವರನ್ನು ನಾವು ನೆನೆಯುವುದೇ ಇಲ್ಲ.

ಪ್ರೋಗ್ರಾಂ ಒಂದು ಫೈಲ್ ಓದಿದಾಗ ಕರ್ನಲ್ ಸಾಮಾನ್ಯವಾಗಿ ಡಿಸ್ಕಿನ ದತ್ತಾಂಶವನ್ನು ಮೊದಲು ತನ್ನ ಪೇಜ್ ಕ್ಯಾಶ್‌ಗೆ ತರುತ್ತದೆ, ಅಲ್ಲಿಂದ ಪ್ರೋಗ್ರಾಮಿನ ಮೆಮೊರಿಗೆ ನಕಲು ಮಾಡುತ್ತದೆ. ನಮ್ಮ ಮಿರ್ಜಾನದ ದಕ್ಕೆಯಲ್ಲಿ ಘಟ್ಟದ ಮೆಣಸನ್ನು ಬಂಡಸಾಲೆಯಲ್ಲಿ ಇಳಿಸಿ, ಆಮೇಲೆ ಹಡಗಿಗೆ ಏರಿಸಿದ ಹಾಗೆ. ಮತ್ತೆ ಮತ್ತೆ ಬೇಕಾಗುವ ಸರಕಿಗೆ ಬಂಡಸಾಲೆ ಬೇಕು. ಡೇಟಾಬೇಸ್ ಮಾತ್ರ ತನ್ನದೇ ಕ್ಯಾಶ್ ಇಟ್ಟುಕೊಂಡಿರುತ್ತದೆ. ಒಂದೇ ದತ್ತಾಂಶ ಎರಡು ಕಡೆ ಜಾಗ ಹಿಡಿಯುವುದು ಅದಕ್ಕೆ ನಷ್ಟ. ಪೇಜ್ ಕ್ಯಾಶ್ ತಪ್ಪಿಸಿ ಡಿಸ್ಕಿಗೂ ಪ್ರೋಗ್ರಾಮಿನ ಮೆಮೊರಿಗೂ ನಡುವೆ ನೇರವಾಗಿ ಸಾಗಿಸುವುದೇ ರಾ ಐಓ.

1975ರ ಆರನೇ ಆವೃತ್ತಿಯ ಯುನಿಕ್ಸ್‌ನಲ್ಲೇ ಇದಕ್ಕೆ ‘ಫಿಸಿಯೋ’ ಎಂಬ ಪುಟ್ಟ ಫಂಕ್ಷನ್ ಇತ್ತು. ಕೊಟ್ಟ ವಿಳಾಸ ಆ ಪ್ರೋಗ್ರಾಮಿನದೇ ಎಂದು ಪರೀಕ್ಷಿಸಿ, ಕೆಲಸ ಮುಗಿಯುವವರೆಗೆ ಅದು ಸ್ವಾಪ್ ಆಗದಂತೆ ತಡೆದು, ಡ್ರೈವರಿನ ಕೈಗೆ ಒಪ್ಪಿಸಿ ಕಾಯುತ್ತಿತ್ತು. 1981ರಲ್ಲಿ ಡೇಟಾಬೇಸ್ ಸಂಶೋಧಕ ಮೈಕೆಲ್ ಸ್ಟೋನ್‌ಬ್ರೇಕರ್, ಆಪರೇಟಿಂಗ್ ಸಿಸ್ಟಮ್ ಕೊಡುವ ಬಫರ್ ಡೇಟಾಬೇಸಿಗೆ ಹೊಂದುವುದಿಲ್ಲ ಎಂದು ವಾದಿಸಿ ಬರೆದ ಮೇಲೆ ಜಗಳ ಬಹಿರಂಗವಾಯಿತು.

ಲಿನಕ್ಸ್ ಈ ವಿಷಯಕ್ಕೆ ತಡವಾಗಿ ಬಂತು. ಸ್ಟೀಫನ್ ಟ್ವೀಡಿ ಬರೆದ ರಾ ಡ್ರೈವರ್ 2001ರ ಜನವರಿಯ 2.4ರಲ್ಲಿತ್ತು. ಅದರ ‘ಕಿಯೋಬಫ್’ ಬಳಕೆದಾರನ ಪುಟಗಳನ್ನು ಮೆಮೊರಿಯಲ್ಲಿ ಹಿಡಿದಿಟ್ಟು ನೇರವಾಗಿ ಸಾಧನಕ್ಕೆ ಕೊಡುತ್ತಿತ್ತು. ತೊಡಕು ಕೆಳಗಿನ ಪದರದಲ್ಲಿತ್ತು: ಎಷ್ಟೇ ದೊಡ್ಡ ಕೋರಿಕೆಯಾದರೂ 512 ಬೈಟಿನ ಚೂರುಗಳಾಗಿ, ಚೂರಿಗೊಂದು ‘ಬಫರ್ ಹೆಡ್’ ಎಂಬ ವಿವರಚೀಟಿಯಂತೆ ಇಳಿಯಬೇಕಿತ್ತು. 64 ಕಿಲೋಬೈಟಿಗೆ 128 ಬಫರ್ ಹೆಡ್! ಕೊನೆಗೆ ಡ್ರೈವರಿನ ಹತ್ತಿರ ಅವನ್ನೇ ಮತ್ತೆ ಒಟ್ಟುಗೂಡಿಸಬೇಕಿತ್ತು.

ಆ ವ್ಯರ್ಥವನ್ನು ನಿಲ್ಲಿಸಲು 2.5ರಲ್ಲಿ ಜೆನ್ಸ್ ಆಕ್ಸ್‌ಬೋ ಬ್ಲಾಕ್ ಪದರವನ್ನೇ ಹೊಸದಾಗಿ ಬರೆದರು. ಪುಟ, ಪುಟದೊಳಗಿನ ಸ್ಥಾನ, ಉದ್ದ ಇವಿಷ್ಟರ ಪಟ್ಟಿಯಾದ ‘ಬಯೋ’ ಬಂತು. ದೊಡ್ಡ ಕೋರಿಕೆ ಇಡಿಯಾಗಿಯೇ ಕೆಳಗಿಳಿಯತೊಡಗಿತು. 2002ರ ಜನವರಿ 15ರ ದಿನಾಂಕ ಹೊತ್ತ ಆ ವಿನ್ಯಾಸದ ಟಿಪ್ಪಣಿಯ ಮೇಲೆ ಆಕ್ಸ್‌ಬೋ ಜೊತೆ ಇನ್ನೊಂದು ಹೆಸರಿದೆ: ಬೆಂಗಳೂರಿನ ಐಬಿಎಂನಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ. ಏಕೆ ಬದಲಾಯಿಸಿದೆವು ಎಂದು ಇಷ್ಟು ತಾಳ್ಮೆಯಿಂದ ವಿವರಿಸುವ ಬರಹ ಕರ್ನಲ್ ಲೋಕದಲ್ಲಿ ಅಪರೂಪ.

ಅಷ್ಟರಲ್ಲಿ, ಎಸ್‌ಜಿಐನ ಐರಿಕ್ಸ್‌ನಲ್ಲಿದ್ದ ‘ಓ_ಡೈರೆಕ್ಟ್’ 2.4.10ರಲ್ಲಿ ಲಿನಕ್ಸ್‌ಗೂ ಬಂದಿತ್ತು. ಬೇರೆ ಸಾಧನ ಬೇಕಿಲ್ಲ, ಫೈಲ್ ತೆರೆಯುವಾಗಲೇ ಕ್ಯಾಶ್ ಬೇಡ ಎನ್ನಬಹುದು. 2.6ರ ಹೊತ್ತಿಗೆ ರಾ ಡ್ರೈವರ್ ಇದರ ಮೇಲಿನ ತೆಳು ಹೊದಿಕೆಯಷ್ಟೇ ಆಗಿತ್ತು. 2021ರಲ್ಲಿ ಹೋದದ್ದು ಆ ಹೊದಿಕೆ.

ನನ್ನ ಮಟ್ಟಿಗೆ ಮುಖ್ಯ ಅಧ್ಯಾಯ ಅಸಿಂಕ್ರೊನಸ್ ಐಓದ್ದು. ಕೋರಿಕೆ ಕೊಟ್ಟು ಕಾಯದೆ ಮುಂದಿನ ಕೆಲಸಕ್ಕೆ ಹೋಗುವ ಸೌಲಭ್ಯ 2.6ರಲ್ಲಿ ಬಂತಾದರೂ ಅದು ನಿಜವಾಗಿ ನಡೆದದ್ದು ಓ_ಡೈರೆಕ್ಟ್ ದಾರಿಯಲ್ಲಿ ಮಾತ್ರ. ಕ್ಯಾಶ್ ಮೂಲಕ ಹೋದರೆ ಕೋರಿಕೆ ಕೊಡುವ ಕರೆಯೇ ನಿಂತುಬಿಡುತ್ತಿತ್ತು. 2003ರಲ್ಲಿ ಒಟ್ಟಾವಾದ ಲಿನಕ್ಸ್ ಸಿಂಪೋಸಿಯಂನಲ್ಲಿ ಭಟ್ಟಾಚಾರ್ಯ ಮತ್ತು ಸಂಗಡಿಗರು ಇದಕ್ಕೊಂದು ದಾರಿ ಮಂಡಿಸಿದರು: ಪುಟ ಸಿದ್ಧವಿಲ್ಲದಿದ್ದರೆ ಮಲಗುವುದು ಬೇಡ, ಸಿದ್ಧವಾದಾಗ ಕರೆ ಬರುವಂತೆ ಗುರುತಿಟ್ಟು ಹಿಂದಿರುಗು, ಕರೆ ಬಂದಾಗ ಉಳಿದದ್ದನ್ನು ಮುಂದುವರಿಸು. ಕ್ಯಾಶ್ ಮೂಲಕದ ಓದಿಗೆ ಆ ತೇಪೆಗಳು ಮುಖ್ಯ ಕರ್ನಲ್ ಸೇರಲಿಲ್ಲ. 2019ರಲ್ಲಿ ಆಕ್ಸ್‌ಬೋ ಅವರ ‘ಐಓ_ಯೂರಿಂಗ್’ ಬಂದು, 2020ರ 5.9ರಲ್ಲಿ ಕ್ಯಾಶ್ ಮೂಲಕದ ಓದು ಅಸಿಂಕ್ರೊನಸ್ ಆದಾಗ, ಪುಟ ಸಿದ್ಧವಾದ ಕರೆಗೆ ಮರುಯತ್ನ ಮಾಡುವ ಅದೇ ಯುಕ್ತಿ ಕೈಹಿಡಿಯಿತು. ನಡುವೆ 17 ವರ್ಷ ಕಳೆದಿದ್ದವು.

ರಾ ಡ್ರೈವರ್ ಹೋಗುವುದಕ್ಕೆ ಒಂದು ಆವೃತ್ತಿ ಮೊದಲೇ, 5.13ರಲ್ಲಿ, ಎನ್‌ವಿಎಂಇ ಡಿಸ್ಕುಗಳಿಗೆ ಹೊಸ ಕ್ಯಾರೆಕ್ಟರ್ ಸಾಧನ ಬಂದಿತ್ತು. 2022ರ 5.19ರಿಂದ ಐಓ_ಯೂರಿಂಗ್ ಮೂಲಕ ಅದಕ್ಕೆ ಎನ್‌ವಿಎಂಇ ಆದೇಶಗಳನ್ನು ನೇರವಾಗಿ ಕಳಿಸಬಹುದು. ಬೆಂಗಳೂರಿನ ಸ್ಯಾಮ್‌ಸಂಗ್ ಸೆಮಿಕಂಡಕ್ಟರ್‌ನ ಕಾಂಚನ್ ಜೋಶಿ, ಅನುಜ್ ಗುಪ್ತಾ ಮುಂತಾದವರು ಇದರ ಮುಂಚೂಣಿಯಲ್ಲಿದ್ದರು. 2024ರ ಫಾಸ್ಟ್ ಸಮ್ಮೇಳನದಲ್ಲಿ ಆ ಕಥೆಯನ್ನು ಮಂಡಿಸಿದರು. ಮುಚ್ಚಿತೆಂದ ಬಾಗಿಲಿನ ಪಕ್ಕದಲ್ಲೇ ಅದಕ್ಕಿಂತ ಅಗಲವಾದದ್ದು ತೆರೆದಿತ್ತು.

ಈ ದಾರಿಯ ಕೊರತೆಗಳೂ ಸಣ್ಣವಲ್ಲ. ಓ_ಡೈರೆಕ್ಟ್‌ಗೆ ಬಫರಿನ ವಿಳಾಸ, ಸ್ಥಾನ, ಉದ್ದ ಎಷ್ಟರ ಗುಣಕದಲ್ಲಿರಬೇಕು ಎಂದು, ಯಾವ ಫೈಲ್ ವ್ಯವಸ್ಥೆಗಾದರೂ ಹೊಂದುವಂತೆ, ಕರ್ನಲ್ ಅನ್ನೇ ಕೇಳುವ ನೇರ ದಾರಿ 2022ರ 6.1ರವರೆಗೆ ಇರಲಿಲ್ಲ. ಕ್ಯಾಶ್ ತಪ್ಪಿಸಿ ಬರೆದರೆ ದತ್ತಾಂಶ ಭದ್ರ ಎಂದು ಇಂದಿಗೂ ನಂಬುವವರಿದ್ದಾರೆ. ಡಿಸ್ಕಿನೊಳಗೇ ಇರುವ ತಾತ್ಕಾಲಿಕ ಕ್ಯಾಶನ್ನು ಅವರು ಮರೆಯುತ್ತಾರೆ, ಎಫ್‌ಸಿಂಕ್ ಮಾಡುವುದನ್ನು ಬಿಡುತ್ತಾರೆ. ಹೊಸ ಎನ್‌ವಿಎಂಇ ಸಾಧನಕ್ಕಂತೂ ಪಾರ್ಟಿಷನ್‌ಗಳ ಗಡಿಯೇ ತಿಳಿಯದು, ಇಡೀ ನೇಮ್‌ಸ್ಪೇಸ್ ಅದರ ಮುಂದೆ ತೆರೆದಿರುತ್ತದೆ. ಫೈಲ್ ವ್ಯವಸ್ಥೆ ನಡುವೆ ಇಲ್ಲದಾಗ ಒಂದೇ ಡಿಸ್ಕನ್ನು ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವುದಾದರೆ ಕಾವಲು ಯಾರದು? ಮುಂದಿನ ಕೆಲಸ ಇರುವುದು ಅಲ್ಲಿ.