ಕೋರ್ಟು ತಡೆದ ಹಾಡು, 39 ವರ್ಷ ತಡವಾಗಿ ಬಂದ ತೀರ್ಪು: ಯಾರು ಈ ಕ್ರಿಸ್ಟಿ ಮೂರ್?

ಐರ್ಲೆಂಡ್‌ನ ಜನಪದ ಗಾಯಕ ಕ್ರಿಸ್ಟಿ ಮೂರ್ ಯಾರು ಅಂತ ಯಾರಾದರೂ ಕೇಳಿದರೆ, ನಾನು ಅವರ ಹಿಟ್ ಹಾಡುಗಳಿಂದ ಶುರು ಮಾಡಲ್ಲ. ಮಾರುಕಟ್ಟೆಯಿಂದ ವಾಪಸ್ ಹೋದ ಒಂದು ಹಾಡಿನಿಂದ ಶುರು ಮಾಡ್ತೀನಿ.

1981ರ ಫೆಬ್ರವರಿ 14ರ ನಸುಕಿನಲ್ಲಿ ಡಬ್ಲಿನ್‌ನ ಆರ್ಟೇನ್ ಪ್ರದೇಶದ ಸ್ಟಾರ್‌ಡಸ್ಟ್ ನೈಟ್‌ಕ್ಲಬ್‌ಗೆ ಬೆಂಕಿ ಬಿತ್ತು. ಪ್ರೇಮಿಗಳ ದಿನದ ಡಾನ್ಸ್‌ಗೆ ಬಂದಿದ್ದವರಲ್ಲಿ 48 ಮಂದಿ ಸತ್ತರು. ಹೆಚ್ಚಿನವರು ಹದಿಹರೆಯ ಮತ್ತು ಇಪ್ಪತ್ತರ ಆಸುಪಾಸಿನ, ಕಾರ್ಮಿಕ ಕುಟುಂಬಗಳ ಮಕ್ಕಳು. ಬಾಗಿಲುಗಳಿಗೆ ಬೀಗ, ಸರಪಳಿ ಹಾಕುವ ಪದ್ಧತಿಯನ್ನು ಸರ್ಕಾರಿ ಟ್ರಿಬ್ಯೂನಲ್ ಟೀಕಿಸಿತು. ಆದರೆ ಬೆಂಕಿಯನ್ನು ಬಹುಶಃ ಯಾರೋ ಬೇಕಂತಲೇ ಹಚ್ಚಿದ್ದಾರೆ ಎಂದು 1982ರಲ್ಲಿ ಹೇಳಿಬಿಟ್ಟಿತು. ಆ ಒಂದು ಮಾತಿನ ಬಲದಿಂದ ಮಾಲೀಕರಿಗೆ 5 ಲಕ್ಷ 80 ಸಾವಿರ ಪೌಂಡ್‌ಗೂ ಹೆಚ್ಚು ಪರಿಹಾರ ಸಿಕ್ಕಿತು. ಮಕ್ಕಳನ್ನು ಕಳೆದುಕೊಂಡವರ ಪಾಲಿಗೆ ಉಳಿದದ್ದು, ಒಳಗಿದ್ದವರಲ್ಲೇ ಯಾರೋ ಹಚ್ಚಿರಬೇಕು ಎಂಬ ಗುಮಾನಿ.

1985ರಲ್ಲಿ ಮೂರ್ 'ಆರ್ಡಿನರಿ ಮ್ಯಾನ್' ಆಲ್ಬಮ್ ತಂದರು. ಅದರಲ್ಲಿ 'ದೇ ನೆವರ್ ಕೇಮ್ ಹೋಮ್' ಎಂಬ ಹಾಡಿತ್ತು, ಆ ರಾತ್ರಿಯ ಬಗ್ಗೆ ಅವರೇ ಬರೆದದ್ದು. ಮುಚ್ಚಿದ ಬಾಗಿಲುಗಳ ಮಾತನ್ನು ಅದು ನೇರವಾಗಿಯೇ ಎತ್ತಿತ್ತು. ಪರಿಹಾರದ ಕೇಸುಗಳು ಇನ್ನೂ ಬಾಕಿ ಇದ್ದವು. ಹೈಕೋರ್ಟ್ ಇದನ್ನು ನ್ಯಾಯಾಂಗ ನಿಂದನೆ ಎಂದಿತು. ಆಲ್ಬಮ್ ವಾಪಸ್ ಹೋಯಿತು. ಮತ್ತೆ ಬಂದಾಗ ಆ ಜಾಗದಲ್ಲಿ ಬೇರೆ ಹಾಡು ಇತ್ತು.

ಮೂರ್ ಹುಟ್ಟಿದ್ದು 1945ರಲ್ಲಿ, ಕಿಲ್ಡೇರ್ ಕೌಂಟಿಯ ನ್ಯೂಬ್ರಿಜ್‌ನಲ್ಲಿ. ಬ್ಯಾಂಕ್ ಗುಮಾಸ್ತರಾಗಿದ್ದರು. 1966ರ ಬ್ಯಾಂಕ್ ಮುಷ್ಕರದ ಹೊತ್ತಿಗೆ ಇಂಗ್ಲೆಂಡ್‌ಗೆ ಹೋದವರು ಅಲ್ಲಿನ ಫೋಕ್ ಕ್ಲಬ್‌ಗಳಲ್ಲಿ ಹಾಡುತ್ತಾ ಗಾಯಕರೇ ಆಗಿಬಿಟ್ಟರು. 1972ರ 'ಪ್ರಾಸ್ಪರಸ್' ಆಲ್ಬಮ್‌ನ ಗೆಳೆಯರ ಜೊತೆಗೇ 'ಪ್ಲಾಂಕ್ಸ್ಟಿ' ತಂಡ ಕಟ್ಟಿದರು. 1981ರಲ್ಲಿ ಬಂದದ್ದು 'ಮೂವಿಂಗ್ ಹಾರ್ಟ್ಸ್'. ಜನಪದಕ್ಕೆ ರಾಕ್ ಬೆರೆಸಿದ ತಂಡ. 1978ರಲ್ಲಿ ಕಾರ್ನ್‌ಸೋರ್‌ನಲ್ಲಿ ಅಣುಸ್ಥಾವರ ಬೇಡವೆಂದು ನಡೆದ ಜನೋತ್ಸವದಲ್ಲೂ ಅವರಿದ್ದರು. ಆ ಸ್ಥಾವರ ಕೊನೆಗೂ ಬರಲಿಲ್ಲ.

ಅವರ ಎಲ್ಲ ಹಾಡೂ ಅವರದ್ದಲ್ಲ. ಹೆಸರಾದ 'ರೈಡ್ ಆನ್' ಬರೆದವರು ಜಿಮ್ಮಿ ಮೆಕಾರ್ಥಿ. ಬೇರೆಯವರ ಹಾಡನ್ನೂ ತನ್ನದೇ ಅನುಭವ ಅನ್ನಿಸುವಂತೆ ಹಾಡೋದು ಮೂರ್ ಅವರ ಶಕ್ತಿ. ವೇದಿಕೆಯಲ್ಲಿ ಗಿಟಾರ್, ಕೆಲವೊಮ್ಮೆ ಬರೀ ಬೌರಾನ್ ಎಂಬ ಕೈಚರ್ಮವಾದ್ಯ, ಬೆವರು ಸುರಿಯುವ ಮುಖ. ಹೊಸಬರು 1994ರ 'ಲೈವ್ ಅಟ್ ದ ಪಾಯಿಂಟ್' ಇಂದ ಶುರು ಮಾಡಬಹುದು.

ಮತ್ತೆ ಸ್ಟಾರ್‌ಡಸ್ಟ್‌ಗೆ ಬರೋಣ. ಬೇಕಂತಲೇ ಹಚ್ಚಿದ ಬೆಂಕಿ ಎನ್ನಲು ಪುರಾವೆ ಇಲ್ಲ ಎಂದು 2009ರಲ್ಲಿ ಪರಿಶೀಲನೆಯೊಂದು ಹೇಳಿತು. 2024ರ ಏಪ್ರಿಲ್‌ನಲ್ಲಿ ಹೊಸ ಮರಣ ವಿಚಾರಣೆಯ ಜ್ಯೂರಿ, 48 ಸಾವುಗಳೂ ಕಾನೂನುಬಾಹಿರ ಹತ್ಯೆ ಎಂದಿತು. ಬೆಂಕಿಗೆ ಕಾರಣ ವಿದ್ಯುತ್ ದೋಷ ಎಂದಿತು. ಬಾಗಿಲುಗಳು ಬೀಗ, ಸರಪಳಿ, ಅಡೆತಡೆಗಳಿಂದ ಮುಚ್ಚಿದ್ದೂ ಸಾವಿಗೆ ಕಾರಣ ಎಂದಿತು. ಆಗಿನ ಪ್ರಧಾನಿ ಸೈಮನ್ ಹ್ಯಾರಿಸ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಹಾಡಿನಿಂದ ನ್ಯಾಯ ಸಿಕ್ಕಿತು ಅಂತ ನಾನು ಹೇಳಲ್ಲ. ನ್ಯಾಯ ಸಿಕ್ಕಿದ್ದು 43 ವರ್ಷ ಬಿಡದೆ ಹೋರಾಡಿದ ಕುಟುಂಬಗಳಿಂದ. ಹಾಡು ಮಾಡಿದ್ದು ಇಷ್ಟೇ: ಅಧಿಕೃತ ಕಡತ ತಪ್ಪು ಹೇಳುತ್ತಿದ್ದಾಗ, ಸರಿಯಾದ ಪ್ರಶ್ನೆಯನ್ನು ಜನರ ಬಾಯಲ್ಲಿ ಉಳಿಸಿತು. ಜನಪದ ಗಾಯಕರ ಕೆಲಸ ಇದಕ್ಕಿಂತ ದೊಡ್ಡದು ಇನ್ನೇನಿದೆ?