ಮುಳುಗಡೆ

ಮುಳುಗಡೆ: ಅಣೆಕಟ್ಟಿನ ಹಿನ್ನೀರಿನಲ್ಲಿ ಊರು, ಹೊಲಗದ್ದೆ, ತೋಟಗಳು ಜಲಾವೃತವಾಗಿ, ಅಲ್ಲಿನ ನಿವಾಸಿಗಳು ಬಹುಜನಹಿತಾರ್ಥವಾಗಿ ನೆಲೆಯನ್ನು ತೊರೆಯಬೇಕಾಗುವ ಸ್ಥಿತಿ. ಇದು ಹಲವರ ಲಾಭಕ್ಕಾಗಿ ಕೆಲವರನ್ನು ಒಕ್ಕಲೆಬ್ಬಿಸುವುದು ನ್ಯಾಯವೇ ಎಂಬ ನೀತಿಶಾಸ್ತ್ರೀಯ ಸಮಸ್ಯೆಗೆ ಪ್ರಮುಖ ನಿದರ್ಶನ.

ಗ್ರಾಮಕ್ಕಾಗಿ ಕುಲವನ್ನೂ ದೇಶಕ್ಕಾಗಿ ಗ್ರಾಮವನ್ನೂ ತ್ಯಜಿಸಬಹುದೆಂಬ ನೀತಿ ಮಹಾಭಾರತ, ಪಂಚತಂತ್ರಗಳಲ್ಲಿದೆ. ಬಹುಜನರ ಗರಿಷ್ಠ ಸುಖವೇ ಧರ್ಮದ ಅಳತೆಯೆಂದು ಜೆರೆಮಿ ಬೆಂಥಮ್ (1748–1832) ಪ್ರತಿಪಾದಿಸಿದರೆ, ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದೆಂದು ಇಮ್ಯಾನುಯೆಲ್ ಕಾಂಟ್‌ನೂ, ಕೆಲವರ ಸ್ವಾತಂತ್ರ್ಯಹಾನಿಯನ್ನು ಇತರರ ಅಧಿಕ ಲಾಭವು ಸಮರ್ಥಿಸಲಾರದೆಂದು ಜಾನ್ ರಾಲ್ಸ್‌ನೂ (1971) ವಾದಿಸಿದರು.

ಕರ್ನಾಟಕದಲ್ಲಿ ಶರಾವತಿಗೆ ಕಟ್ಟಲಾದ ಲಿಂಗನಮಕ್ಕಿ ಅಣೆಕಟ್ಟು (1964) ನಾಡಿಗೆ ವಿದ್ಯುತ್ತನ್ನಿತ್ತಿತಾದರೂ, ಸಾಗರ, ಹೊಸನಗರ ಸೀಮೆಗಳ ಅನೇಕ ಗ್ರಾಮಗಳನ್ನು ಮುಳುಗಿಸಿತು. ಪುನರ್ವಸತಿಗೆಂದು ಕೊಟ್ಟ ಅರಣ್ಯಭೂಮಿಯ ಹಕ್ಕುಪತ್ರದ ಪ್ರಶ್ನೆ ದಶಕಗಳವರೆಗೆ ಇತ್ಯರ್ಥವಾಗಲಿಲ್ಲ. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದವರು ಸಾಗರದ ಪೇಟೆ, ಆಸ್ಪತ್ರೆಗಳಿಗೆ ಹೋಗಲು ದೀರ್ಘಕಾಲ ಲಾಂಚನ್ನೇ ಅವಲಂಬಿಸಬೇಕಾಯಿತು. ಆಲಮಟ್ಟಿ ಜಲಾಶಯದಿಂದ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ, ನವನಗರ ನಿರ್ಮಾಣವಾಯಿತು.

1894ರ ಭೂಸ್ವಾಧೀನ ಕಾಯಿದೆ ಪರಿಹಾರಕ್ಕೆ ಮುಖ್ಯವಾಗಿ ಭೂಮಿಯ ಬೆಲೆಯನ್ನು ಪರಿಗಣಿಸುತ್ತಿದ್ದಿತು. 2013ರ ಕಾಯಿದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಪುನರ್ವಸತಿಯನ್ನೂ ವಿಧಿಸಿ, ಆ ಭೂಮಿಯನ್ನೇ ನಂಬಿದ ಗೇಣಿದಾರರು, ಕೃಷಿಕಾರ್ಮಿಕರನ್ನೂ ಬಾಧಿತರೆಂದು ಗುರುತಿಸಿತು.

ಪೂರ್ವಸಮ್ಮತಿ, ನ್ಯಾಯೋಚಿತ ಪರಿಹಾರ, ಲಾಭದಲ್ಲಿ ಪಾಲು, ಬದಲಿ ಮಾರ್ಗಗಳ ಪರಿಶೀಲನೆ ಇವು ಇಂತಹ ಸ್ಥಳಾಂತರದ ನೈತಿಕ ನಿಕಷಗಳೆನಿಸಿವೆ. ನೆರೆಹೊರೆ, ದೇವಸ್ಥಾನ, ಪೂರ್ವಿಕರ ಸಮಾಧಿಗಳಂತಹ ನಷ್ಟಗಳು ಹಣದ ಲೆಕ್ಕಕ್ಕೆ ಸಿಲುಕವು. ನಾ. ಡಿಸೋಜರ 'ಮುಳುಗಡೆ', 'ದ್ವೀಪ' ಕೃತಿಗಳು ಈ ವಸ್ತುವನ್ನು ಕನ್ನಡ ಸಾಹಿತ್ಯಕ್ಕೆ ತಂದವು.