ಗೆದ್ದವನಿಗೇ ಕೊಳ್ಳೆ: ಈ ಮಾತು ಬಂದದ್ದೆಲ್ಲಿಂದ?



ನಮ್ಮ ಯುವ ಸಂಘದ ಚುನಾವಣೆ ಮುಗಿದ ರಾತ್ರಿ ಹೊಸ ಸಮಿತಿಯವರಾದ ನಾವು ಕೆಲಸ ಹಂಚಲು ಕುಳಿತಿದ್ದೆವು. ಲೆಕ್ಕಪತ್ರ, ಮೈಕ್, ಹಬ್ಬದ ಅಲಂಕಾರ ಎಲ್ಲದಕ್ಕೂ ನಮಗೆ ಓಟು ಹಾಕಿದವರ ಹೆಸರೇ ಬಂತು. ನಾಲ್ಕು ವರ್ಷ ಒಂದು ರೂಪಾಯಿ ತಪ್ಪದೆ ಲೆಕ್ಕ ಬರೆದವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅವನು ಎದುರು ಪಕ್ಷಕ್ಕೆ ಓಟು ಹಾಕಿದ್ದ. "ಗೆದ್ದವರಿಗೇ ಎಲ್ಲ ಅಲ್ವಾ?" ಎಂದು ಒಬ್ಬರು ನಕ್ಕರು, ನಾವೂ ನಕ್ಕೆವು. ಮನೆಗೆ ಬಂದ ಮೇಲೆ ಈ ಮಾತಿನ ಬೇರು ಹುಡುಕಿದೆವು.

ಯುದ್ಧದಲ್ಲಿ ಸೋತವರ ಸೊತ್ತು ಗೆದ್ದವರ ಪಾಲಾಗುವುದು ಬಹಳ ಹಳೆಯ ರೂಢಿ. ಆದರೆ ಇಂಗ್ಲಿಷಿನಲ್ಲಿ ಈ ಮಾತು ರಾಜಕೀಯದ ಗಾದೆಯಾದದ್ದು 1832ರಲ್ಲಿ, ಅಮೆರಿಕದ ಸೆನೆಟ್‌ನಲ್ಲಿ. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ತಮ್ಮ ಆಪ್ತ ಮಾರ್ಟಿನ್ ವ್ಯಾನ್ ಬ್ಯೂರೆನ್‌ರನ್ನು ಬ್ರಿಟನ್ನಿಗೆ ರಾಯಭಾರಿಯಾಗಿ ಹೆಸರಿಸಿದ್ದರು. ನ್ಯೂಯಾರ್ಕಿನವರು ಸರಕಾರಿ ಹುದ್ದೆಗಳನ್ನು ಪಕ್ಷದವರಿಗೇ ಹಂಚುತ್ತಾರೆಂದು ಹೆನ್ರಿ ಕ್ಲೇ ಟೀಕಿಸಿದರು. ಆಗ ನ್ಯೂಯಾರ್ಕಿನ ಸೆನೆಟರ್ ವಿಲಿಯಂ ಮಾರ್ಸಿ ಎದ್ದು, ಶತ್ರುವಿನ ಕೊಳ್ಳೆ ಗೆದ್ದವನಿಗೆ ಸೇರುತ್ತದೆ ಎಂಬ ನಿಯಮದಲ್ಲಿ ತಪ್ಪೇನೂ ಕಾಣುವುದಿಲ್ಲ ಎಂಬರ್ಥದಲ್ಲಿ ಉತ್ತರಿಸಿದರು.

ಇಲ್ಲಿ 'ಶತ್ರು' ಎಂಬ ಪದವನ್ನು ಗಮನಿಸಿ. ಜನರ ಬಾಯಲ್ಲಿ ಆ ಪದ ಬಿಟ್ಟುಹೋಯಿತು, ಅದರ ಭಾವ ಮಾತ್ರ ಉಳಿಯಿತು. ಚುನಾವಣೆಯಲ್ಲಿ ಎದುರು ನಿಂತವನು ನಮ್ಮ ಊರಿನವನೇ. ಅವನನ್ನು ಶತ್ರುವೆಂದು ಕಂಡಾಗಲೇ ಹುದ್ದೆ ಕೊಳ್ಳೆಯಾಗುತ್ತದೆ.

ಜಾಕ್ಸನ್ ಅವರಿಗೂ ಒಂದು ವಾದವಿತ್ತು. ಒಬ್ಬನೇ ದೀರ್ಘಕಾಲ ಹುದ್ದೆಯಲ್ಲಿ ಕುಳಿತರೆ ಅದನ್ನು ಸ್ವಂತ ಸೊತ್ತು ಎಂದುಕೊಳ್ಳುತ್ತಾನೆ, ಬದಲಾವಣೆ ಬೇಕು ಎಂದವರು ಹೇಳುತ್ತಿದ್ದರು. ಅದರಲ್ಲಿ ಹುರುಳಿದೆ. ಆದರೆ ಅವರೇ ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯಾಗಿ ನೇಮಿಸಿದ ಸ್ಯಾಮುವೆಲ್ ಸ್ವಾರ್ಟ್‌ವೌಟ್ ಹತ್ತು ಲಕ್ಷ ಡಾಲರಿಗೂ ಹೆಚ್ಚು ಸರಕಾರಿ ಹಣ ಬಾಕಿ ಉಳಿಸಿ 1838ರಲ್ಲಿ ಯುರೋಪಿಗೆ ಹೋದ.

ಇದಕ್ಕಿಂತ ದೊಡ್ಡ ಪೆಟ್ಟು ಮುಂದೆ ಬಿತ್ತು. ಚುನಾವಣೆಯಲ್ಲಿ ತಾನು ಮಾಡಿದ ಸಹಾಯಕ್ಕೆ ಪ್ಯಾರಿಸಿನಲ್ಲಿ ಹುದ್ದೆ ಸಿಗಬೇಕೆಂದು ನಂಬಿದ್ದ ಚಾರ್ಲ್ಸ್ ಗಿಟೋ, ಅದು ಸಿಗದಾಗ 1881ರ ಜುಲೈ 2ರಂದು ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡು ಹಾರಿಸಿದ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಜನ ಎಚ್ಚೆತ್ತರು. 1883ರ ಜನವರಿಯಲ್ಲಿ ಪೆಂಡಲ್ಟನ್ ಕಾಯ್ದೆ ಬಂತು. ಮೊದಲಿಗೆ ಸುಮಾರು ಶೇ. 10ರಷ್ಟು ಕೇಂದ್ರ ಹುದ್ದೆಗಳಿಗೆ ಮಾತ್ರ ಸ್ಪರ್ಧಾತ್ಮಕ ಪರೀಕ್ಷೆ, ಆಮೇಲೆ ನಿಧಾನವಾಗಿ ಉಳಿದವಕ್ಕೂ ಹಬ್ಬಿತು. ನಮ್ಮಲ್ಲಿ ಅನೇಕರು ರಾತ್ರಿ ನಿದ್ದೆಗೆಟ್ಟು ಓದುವ ಪಿ.ಎಸ್.ಸಿ. ಪರೀಕ್ಷೆಯ ಹಿಂದಿರುವುದೂ ಇದೇ ತತ್ವ: ಕೆಲಸ ಬಲ್ಲವನಿಗೆ ಕೆಲಸ.

ಕೊಳ್ಳೆಯ ಬಗ್ಗೆ ಬೈಬಲಿನಲ್ಲೂ ಒಂದು ಜಗಳವಿದೆ, ಸಮುವೇಲನ ಮೊದಲನೆಯ ಗ್ರಂಥದ 30ನೇ ಅಧ್ಯಾಯದಲ್ಲಿ. ಅಮಾಲೇಕ್ಯರನ್ನು ಬೆನ್ನಟ್ಟಿದ ದಾವೀದನ 600 ಮಂದಿಯಲ್ಲಿ 200 ಮಂದಿ ದಣಿದು ಬೆಸೋರ್ ಹಳ್ಳದ ಬಳಿ ಉಳಿದರು. ಗೆದ್ದು ಬಂದವರಲ್ಲಿ ಕೆಲವರು ಇವರಿಗೆ ಕೊಳ್ಳೆಯಲ್ಲಿ ಪಾಲು ಕೊಡೆವು ಎಂದರು. ದಾವೀದ ಒಪ್ಪಲಿಲ್ಲ. ಗೆಲುವು ಕೊಟ್ಟವನು ದೇವರು, ಆದ್ದರಿಂದ ಕಾಳಗಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಸಮಪಾಲು ಎಂದು ಕಟ್ಟಳೆಯನ್ನೇ ಮಾಡಿದ. ಮಾರ್ಸಿಯ ಮಾತಿಗೆ ಅದಕ್ಕಿಂತ ಎಷ್ಟೋ ಶತಮಾನ ಮೊದಲೇ ಸಿಕ್ಕ ಉತ್ತರವಿದು.

ಮುಂದಿನ ಭಾನುವಾರ ಪೂಜೆಯ ನಂತರ ನಾವು ಆ ಗೆಳೆಯನನ್ನು ಕಂಡು ಕ್ಷಮೆ ಕೇಳಿ ಲೆಕ್ಕದ ಪುಸ್ತಕ ಕೈಗಿತ್ತೆವು. ಅವನು ಒಂದು ಶರತ್ತು ಹಾಕಿದ: ಹೊಸಬರೊಬ್ಬರು ಜೊತೆಗೆ ಕುಳಿತು ಕಲಿಯಬೇಕು, ಮುಂದಿನ ವರ್ಷ ಅವರೇ ಬರೆಯಬೇಕು. ಜಾಕ್ಸನ್ ಹೇಳಿದ ಬದಲಾವಣೆಯೂ ಆಯಿತು, ಯಾರ ಮನಸ್ಸೂ ನೋಯಲಿಲ್ಲ. ನಿಮ್ಮ ವಾಳೆಯಲ್ಲೂ ಕೆಲಸ ಹಂಚುವಾಗ, ಸಾಮಾನು ಕಾದವರನ್ನು ಒಮ್ಮೆ ನೆನೆಯಿರಿ.